ಗುದ್ದಲಿ ಮುಟ್ಟಗೊಡದ ನಂಜುಂಡಯ್ಯನವರು

ಒಂದೇ ಒಂದು ಸಲ ಬಿಟ್ಟರೆ ನಂಜುಂಡಯ್ಯನವರು ಕೂತದ್ದನ್ನು ನಾನು ನೋಡಿಲ್ಲ. ನಮ್ಮ ಮನೆಗೆ ಬಂದರೆ ಕುರ್ಚಿಯ ಬೆನ್ನಿಗೆ ಕೈಯೂರಿ ಅದರ ಹಿಂದೆ ನಿಲ್ಲುತ್ತಿದ್ದರು. ಕಾಫಿಯೂ ನಿಂತೇ. ಲೋಟ ಅರ್ಧ ಖಾಲಿಯಾಗುವಷ್ಟರಲ್ಲಿ ಬಾಲ್ಕನಿಗೆ ಹೋಗಿ ಕೆಳಗೆ ಇಣುಕಿ, ವಾಪಸು ಬಂದು, ಅಡುಗೆಮನೆಯ ನಲ್ಲಿಯನ್ನು ಇನ್ನೊಂದು ಸುತ್ತು ಬಿಗಿ ಮಾಡಿ, ಮತ್ತೆ ಕುರ್ಚಿಯ ಹಿಂದೆ ಹಾಜರಾಗುತ್ತಿದ್ದರು. ಪ್ಯಾಂಟಿನ ಜೇಬಿನಲ್ಲಿ ಬೀಗದ ಕೈ ಗೊಂಚಲು ಸದಾ ಝಣಝಣ ಅನ್ನುತ್ತಿತ್ತು. "ಕೂತ್ಕೊಳ್ಳಿ ಸಾರ್" ಎಂದರೆ, "ಸರ್ಕಾರದ ಕುರ್ಚಿ ಸವೆಸಿ ಸವೆಸಿ ನನ್ನ ಪಾಲಿನ ಕೂರೋದು ಮುಗೀತು ಕಣಮ್ಮಾ" ಎನ್ನುತ್ತಿದ್ದರು. ಅವರ ಹೆಂಡತಿ ಪಾರ್ವತಮ್ಮನವರ ಪ್ರಕಾರ ಇದು ಶುದ್ಧ ಸುಳ್ಳು. ಆಫೀಸಿನಲ್ಲೂ ಇವರು ಕೂತವರಲ್ಲವಂತೆ. ಕೆಲಸವಿದ್ದವರು ಕಾರಿಡಾರಿನಲ್ಲಿ ಇವರ ಬೀಗದ ಕೈ ಸದ್ದು ಹುಡುಕಿಕೊಂಡು ಹೋಗಬೇಕಿತ್ತಂತೆ.

ಎರಡು ಸಾವಿರದ ದಶಕದ ನಡುವಿನ ಮಾತು. ಫರೀದಾಬಾದಿನಲ್ಲಿ, ಕೇಂದ್ರ ಸರ್ಕಾರದ ನೌಕರರು ಸಂಘ ಮಾಡಿಕೊಂಡು ಕಟ್ಟಿಸಿದ ಹಳೆಯ ಕಾಲೊನಿಯೊಂದರಲ್ಲಿ ನಾವು ಮೇಲಿನ ಮಹಡಿಯ ಫ್ಲ್ಯಾಟನ್ನು ಬಾಡಿಗೆಗೆ ಹಿಡಿದಿದ್ದೆವು. ಹೋದ ಮೊದಲ ವಾರವೇ ಬೆಳಗಿನ ಜಾವ ತಲೆಯ ಮೇಲೆ ಡಬ್ ಡಬ್ ಸದ್ದು. ಮರುದಿನವೂ ಅದೇ. ಮೂರನೆಯ ದಿನ ನನಗೆ ಸಿಟ್ಟು ನೆತ್ತಿಗೇರಿತು. ನಿದ್ದೆಗಣ್ಣಲ್ಲೇ ಟೆರೇಸಿಗೆ ಹತ್ತಿದೆ. ಬೋಳುತಲೆಯ ಎತ್ತರದ ಮನುಷ್ಯರೊಬ್ಬರು ಕಾಲೊನಿಯ ನೀರಿನ ಕಪ್ಪು ಟ್ಯಾಂಕುಗಳನ್ನು ಒಂದೊಂದಾಗಿ ಬೆರಳ ಗೆಣ್ಣಿನಿಂದ ಬಡಿಯುತ್ತ, ಕಿವಿ ಹಚ್ಚಿ ಕೇಳುತ್ತ ನಡೆದಿದ್ದರು. "ಅಂಕಲ್, ಯೆ ಕ್ಯಾ ಕರ್ ರಹೇ ಹೈಂ ಆಪ್?" ಎಂದು ನಾನು ಜಗಳಕ್ಕೆ ಸೊಂಟ ಕಟ್ಟಿ ನಿಂತರೆ, ಅವರು ತಿರುಗಿಯೂ ನೋಡದೆ, "ಅರ್ಧಾನೂ ಇಲ್ಲ. ಹಾಳಾಗ್ಹೋಯ್ತು" ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಊರು ಬಿಟ್ಟು ಅಷ್ಟು ದೂರದಲ್ಲಿ, ಆ ಹೊತ್ತಿನಲ್ಲಿ, ಅಷ್ಟು ಚೊಕ್ಕ ಕನ್ನಡ! ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ.

"ನೀವು ಕನ್ನಡದವರಾ ಸಾರ್?"

"ಅದಿರ್ಲಿ. ನೀನು ಏನು ಕೆಲಸ ಮಾಡೋದು?"

"ಇಲ್ಲೇ ಕಾರ್ಖಾನೇಲಿ. ಬಾಯ್ಲರ್‌ಗಳ ನಕ್ಷೆ ಬರೀತೀನಿ."

"ಬಾಯ್ಲರಲ್ಲೂ ನೀರೇ ತಾನೇ ಇರೋದು? ಬಾ, ಒಂದು ಜಾಗ ತೋರಿಸ್ತೀನಿ" ಎಂದವರೇ ಮೆಟ್ಟಿಲಿಳಿದುಬಿಟ್ಟರು. ನಾನು ನೈಟಿಯ ಮೇಲೊಂದು ದುಪಟ್ಟಾ ಎಳೆದುಕೊಂಡು ಹಿಂದೆ ಓಡಿದೆ. ಅವರ ಜೊತೆಗಿನ ಒಡನಾಟವೆಲ್ಲ ಹೀಗೇ, ಅವರು ಮುಂದೆ, ನಾನು ಏದುಸಿರು ಬಿಡುತ್ತ ಹಿಂದೆ.

ಕಾಲೊನಿಯ ಹಿಂಗೋಡೆಗೂ ಪಕ್ಕದ ಹಳೆಯ ಹಳ್ಳಿಗೂ ನಡುವೆ ಒಂದು ಹೊಂಡವಿತ್ತು. ಹಳ್ಳಿಯವರು ಅದನ್ನು ಜೋಹಡ್ ಎನ್ನುತ್ತಿದ್ದರು. ಹಿಂದೆ ಇಡೀ ಹಳ್ಳಿಯ ಎಮ್ಮೆಗಳು ಅದರಲ್ಲಿ ಬಿದ್ದುಕೊಂಡಿರುತ್ತಿದ್ದವಂತೆ. ನಾನು ನೋಡಿದಾಗ ಅದು ಹೂಳು, ಪ್ಲಾಸ್ಟಿಕ್ಕು, ಒಣಗಿದ ಕಳೆಯ ಗುಂಡಿ. ಮಳೆನೀರನ್ನು ಅದಕ್ಕೆ ತರುತ್ತಿದ್ದ ಕಾಲುವೆಗೆ ಮನೆ ಕಟ್ಟುವವರು ಇಟ್ಟಿಗೆ ಚೂರು, ಗಾರೆ, ಮುರಿದ ಟೈಲ್ಸು ಸುರಿದು ಬಾಯಿ ಮುಚ್ಚಿಸಿದ್ದರು. ಹಾಗಾಗಿ ಮಳೆಗಾಲದ ನೀರೆಲ್ಲ ಹೊಂಡಕ್ಕೆ ಬರದೆ ಚರಂಡಿ ಸೇರಿ ಹೆದ್ದಾರಿಯ ಪಾಲಾಗುತ್ತಿತ್ತು. ಇತ್ತ ನಮ್ಮ ಬೋರ್‌ವೆಲ್ಲುಗಳು ವರ್ಷವರ್ಷ ಕೆಳಕ್ಕಿಳಿಯುತ್ತಿದ್ದವು. ಟ್ಯಾಂಕರ್ ಬಂದ ದಿನ ಹಿರಿಯ ಅಧಿಕಾರಿಗಳ ಹೆಂಡಂದಿರೂ ಬಕೆಟ್ ಹಿಡಿದು ಕಚ್ಚಾಡುತ್ತಿದ್ದರು. ನಾನೂ ಕಚ್ಚಾಡಿದ್ದೇನೆ, ಸಂಕೋಚವಿಲ್ಲದೆ.

ನಂಜುಂಡಯ್ಯನವರ ತಲೆಯಲ್ಲಿದ್ದದ್ದು ಒಂದೇ ಯೋಜನೆ. ಇಂಥ ಸಣ್ಣ ನೀರಿನ ಕೆಲಸಗಳಿಗೆ ಸರ್ಕಾರ ಅರ್ಧ ಕೊಡುತ್ತದೆ; ಉಳಿದರ್ಧ ಅಲ್ಲಿನ ಜನ ಹಾಕಬೇಕು, ಹಣವಾಗಿಯೋ ಮೈಮುರಿದು ದುಡಿದೋ. ಅವರಿಗೆ ಅದರ ಒಳಹೊರಗೆಲ್ಲ ಗೊತ್ತಿತ್ತು. ಯಾಕೆಂದರೆ ನಿವೃತ್ತರಾಗುವವರೆಗೂ ಅವರು ದೆಹಲಿಯಲ್ಲಿ ಮಾಡಿದ್ದು ಅದೇ ಕೆಲಸ. ದೇಶದ ಮೂಲೆಮೂಲೆಯಿಂದ ಕೆರೆ ಕಟ್ಟೆಗಳಿಗೆ ಪಾಲು ಕೇಳಿ ಬರುತ್ತಿದ್ದ ಅರ್ಜಿಗಳನ್ನು ಓದಿ, ತಪ್ಪು ಹುಡುಕಿ, ಬಹಳಷ್ಟನ್ನು ವಾಪಸು ಕಳಿಸುವುದು. "ಕಳ್ಳನ್ನೇ ಕಾವಲಿಗೆ ಹಾಕ್ಕೊಂಡ ಹಾಗೆ ಅಂದ್ಕೋ" ಎಂದು ನಗುತ್ತಿದ್ದರು. "ಅರ್ಜಿ ಎಲ್ಲೆಲ್ಲಿ ಸಾಯುತ್ತೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಆ ಚಳಿಗಾಲವಿಡೀ ರಜಾದಿನಗಳಲ್ಲಿ ನಾನು ಟೇಪು ಹಿಡಿದು ಹೊಂಡ ಸುತ್ತಿದೆ. ಅವರು ಇನ್ನೊಂದು ತುದಿ ಹಿಡಿದು, ನಾನು ಅಳತೆ ಬರೆದುಕೊಳ್ಳುವ ಮೊದಲೇ ಮುಂದಿನ ಮೂಲೆಗೆ ಹೊರಟಿರುತ್ತಿದ್ದರು. "ನಿಂತ್ಕೊಳ್ಳಿ ಸಾರ್, ಟೇಪು ಕಿತ್ತುಬರ್ತಿದೆ!" ಎಂದು ಎಷ್ಟು ಸಲ ಕೂಗಿದ್ದೇನೋ. ಹಳ್ಳಿಯ ಹಿರಿಯ, ಎಮ್ಮೆಗಳ ಯಜಮಾನ ಚೌಧರಿ, ದಂಡೆಯ ಮೇಲೆ ಹುಕ್ಕಾ ಇಟ್ಟುಕೊಂಡು ನಮ್ಮ ಆಟ ನೋಡುತ್ತಿದ್ದ. "ಬಾಬೂಜಿ, ಖುದಾಯಿ ಕಬ್?" ಎಂದು ಕೇಳುವುದು ಅವನ ದಿನದ ಪದ್ಧತಿ. ಅಗೆಯುವುದು ಯಾವಾಗ ಎಂದು. ನಂಜುಂಡಯ್ಯನವರು ಬೆರಳೆತ್ತಿ ಗದರುತ್ತಿದ್ದರು: "ಖಬರ್‌ದಾರ್, ಚೌಧರೀ! ಮಂಜೂರಿ ಬರೋವರೆಗೂ ಫಾವ್‌ಡಾ ಮುಟ್ಟಂಗಿಲ್ಲ!" ಅರ್ಧ ಕನ್ನಡದಲ್ಲೇ ಗದರಿದರೂ ಚೌಧರಿಗೆ ಅರ್ಥವಾಗುತ್ತಿತ್ತು. ಫಾವ್‌ಡಾ ಅಂದರೆ ಗುದ್ದಲಿ.

ಇದೇ ಅವರ ದೊಡ್ಡ ಕಟ್ಟಪ್ಪಣೆ. ಮಂಜೂರಾತಿ ಪತ್ರ ಕೈಸೇರುವ ಮುಂಚೆ ಕೆಲಸ ಶುರುವಾಗಿದ್ದರೆ ಆ ಕೆಲಸಕ್ಕೆ ಸರ್ಕಾರದ ಪಾಲಿಲ್ಲ. ಕೆಲಸ ಶುರುವಾಗಿಲ್ಲವೆಂದು ಅರ್ಜಿಯ ಜೊತೆ ಮುಚ್ಚಳಿಕೆಯನ್ನೂ ಬರೆದುಕೊಡಬೇಕು. ಬರೆದು ಸಹಿ ಹಾಕಿದವರು ಅವರೇ. "ಇದೆಂಥ ನಿಯಮ ಸಾರ್?" ಎಂದು ನಾನೊಮ್ಮೆ ರೇಗಿದ್ದಕ್ಕೆ, "ಇಲ್ಲದಿದ್ರೆ ಮುತ್ತಾತ ತೋಡಿಸಿದ ಕೆರೆಗೂ ಮೊಮ್ಮಕ್ಕಳು ಬಿಲ್ಲು ತಂದಿಡ್ತಾರೆ. ನಿಯಮ ಸರಿಯಾಗೇ ಇದೆ" ಎಂದರು. ತಾನು ಒಂದು ಗಳಿಗೆ ನಿಂತಲ್ಲಿ ನಿಲ್ಲದ ಮನುಷ್ಯ ಎರಡು ಊರಿನ ಜನಕ್ಕೆ ಸುಮ್ಮನಿರಿ, ಸುಮ್ಮನಿರಿ ಎಂದು ಹೇಳುತ್ತ ತಿರುಗುವುದನ್ನು ನೋಡಿ ನನಗೆ ನಗು ಬರುತ್ತಿತ್ತು.

ಅರ್ಜಿ ಹೋದ ಮೇಲೆ ಕಾಲೊನಿಯ ಸಭೆ ಸೇರಿತು. ಅಧ್ಯಕ್ಷ ಖುರಾನಾ ಸಾಹೇಬರಿಗೆ ಅಷ್ಟರಲ್ಲೇ ಉತ್ಸಾಹ ಉಕ್ಕಿತ್ತು. ಯುಗಾದಿಯ ಹೊತ್ತಿಗೆ ಒಳ್ಳೆ ಮುಹೂರ್ತವಿದೆ, ಒಂದು ಭೂಮಿಪೂಜೆ ಇಟ್ಟುಕೊಳ್ಳೋಣ, ಯಾರಾದರೂ ರಾಜಕಾರಣಿಯನ್ನು ಕರೆದು ಫೋಟೋ ತೆಗೆಸೋಣ ಎಂದರು. ನಂಜುಂಡಯ್ಯನವರ ಬೀಗದ ಕೈ ಸದ್ದು ನಿಂತಿತು. ಹಾಗೆ ನಿಂತದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವರು ಹಿಂದಿಯಲ್ಲಿ ಸಭೆಗೆ ಒಂದು ಕಥೆ ಹೇಳಿದರು.

ಅವರು ಸೆಕ್ಷನ್ ಆಫೀಸರ್ ಆಗಿದ್ದ ಕಾಲದಲ್ಲಿ ಕರ್ನಾಟಕದ ಒಂದು ಹಳ್ಳಿಯ ಕೆರೆಯ ಅರ್ಜಿ ಬಂದಿತ್ತು. ಎಲ್ಲ ಸರಿಯಿತ್ತು. ಎಂಜಿನಿಯರು ಅಳತೆಗೆ ಬಂದು ಹೋದದ್ದೇ ಮಂಜೂರಾತಿ ಎಂದು ತಿಳಿದ ಊರವರು, ಮುಹೂರ್ತ ತಪ್ಪಬಾರದೆಂದು ಗುದ್ದಲಿ ಪೂಜೆ ಮಾಡಿ ಹೂಳು ಎತ್ತಲು ಶುರು ಮಾಡಿದರು. ಅಷ್ಟೇ ಆಗಿದ್ದರೆ ದೆಹಲಿಗೆ ಗೊತ್ತೇ ಆಗುತ್ತಿರಲಿಲ್ಲ. ಪುಣ್ಯಾತ್ಮರು ಆ ಪೂಜೆಯ ಫೋಟೋವನ್ನು, ಗುದ್ದಲಿಗೆ ಹಾರ, ಹಿಂದೆ ಹಾರೆ ಹಿಡಿದ ಗಂಡಸರು, ಬುಟ್ಟಿ ಹೊತ್ತ ಹೆಂಗಸರು, ಕೃತಜ್ಞತೆಯ ಪತ್ರದ ಜೊತೆ ಆಫೀಸಿಗೇ ಕಳಿಸಿಬಿಟ್ಟರು. "ನಾನು ಆ ಫೋಟೋ ಫೈಲಿಗೆ ಹಾಕಿ ಬರೆದೆ: ಮಂಜೂರಾತಿಗೆ ಮುನ್ನವೇ ಕಾಮಗಾರಿ ಆರಂಭವಾಗಿರುವುದರಿಂದ ಪ್ರಸ್ತಾವನೆಯನ್ನು ಪರಿಗಣಿಸಲಾಗದು. ಫೈಲು ಮುಚ್ಚಿತು." ಭೂಮಿಪೂಜೆಯ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಆ ಸಂಜೆ ಪಾರ್ವತಮ್ಮನವರ ಅಡುಗೆಮನೆಯಲ್ಲಿ ನಾನು ಆ ಕಥೆಯನ್ನು ಹೊಗಳಿದೆ. ಅವರು ಚಪಾತಿ ಹಿಟ್ಟಿಗೆ ಎರಡು ಗುದ್ದು ಕೊಟ್ಟು ಹೇಳಿದರು: "ಅರ್ಧ ಕಥೆ ಹೇಳಿರ್ತಾರೆ. ಅದು ಇವರ ತಂಗೀನ ಕೊಟ್ಟ ಊರು. ಆ ಫೋಟೋದಲ್ಲಿ ಲಕ್ಷ್ಮಮ್ಮನೂ ಇದ್ಲು, ಬುಟ್ಟಿ ಹೊತ್ಕೊಂಡು. 'ನಿನ್ನ ಕೈಯಲ್ಲೇ ಇತ್ತಲ್ಲೋ ಅಣ್ಣಾ' ಅಂದೋಳು, ಆಮೇಲೆ ಮದುವೆ ಮುಂಜಿಗೆ ಸಿಕ್ಕಿದ್ರೂ ಚೆನ್ನಾಗಿದ್ದೀಯಾ ಅನ್ನೋದಷ್ಟೇ. ಆ ಕೆರೆ ಏನಾಯ್ತು ಅಂತ ಕೇಳೋಕೆ ಇವರಿಗೆ ಧೈರ್ಯ ಇಲ್ಲ. ಅವಳು ತಾನಾಗಿ ಹೇಳಲ್ಲ."

"ಆವತ್ತು ಇವರು ಮಾಡಿದ್ದು ಸರಿಯಾ ಆಂಟಿ?"

"ಸರಿಯಾಗಿರೋದಕ್ಕೇ ಈ ಮನುಷ್ಯಂಗೆ ಕೂರೋಕಾಗಲ್ಲ" ಎಂದು ಅವರು ಕಾವಲಿ ಒಲೆಗಿಟ್ಟರು.

ಬೇಸಿಗೆ ಬಂತು. ಲೂ ಎಂಬ ಬಿಸಿಗಾಳಿ ಬೀಸಿ ಕಾಲೊನಿಯ ಗಿಡಗಳೆಲ್ಲ ಹಪ್ಪಳವಾದವು. ಅಳತೆಗೆ ಬಂದ ಎಂಜಿನಿಯರು ಹೊಂಡ ನೋಡಿ, ನನ್ನ ನಕ್ಷೆ ನೋಡಿ, ತಲೆಯಾಡಿಸಿ ಹೋದ. ಆಮೇಲೆ ಸದ್ದಿಲ್ಲ. ನಂಜುಂಡಯ್ಯನವರು ಶಟಲ್ ರೈಲು ಹಿಡಿದು ದೆಹಲಿಗೆ ಹೋಗುವುದು ಶುರುವಾಯಿತು. ಒಮ್ಮೆ ನಾನೂ ರಜೆ ಹಾಕಿ ಜೊತೆಗೆ ಹೋದೆ. ಆಫೀಸಿನಲ್ಲಿ ಅವರ ಕೈಕೆಳಗೆ ಕೆಲಸ ಕಲಿತವನೊಬ್ಬ ಈಗ ಅವರದೇ ಜಾಗದಲ್ಲಿದ್ದ. ಎದ್ದು ಕಾಲು ಮುಟ್ಟಿ, "ಬೈಠಿಯೇ ಸರ್" ಎಂದು ಕುರ್ಚಿ ಎಳೆದ. ಇವರು ಕುರ್ಚಿಯ ಹಿಂದೆ ಹೋಗಿ ನಿಂತು, "ನನ್ನ ಫೈಲು ಎಲ್ಲಿ ಬೈಠಾ ಹೈ, ಅದನ್ನು ಹೇಳಪ್ಪಾ" ಎಂದರು. ಫೈಲು ಹಣಕಾಸಿನವರ ಒಪ್ಪಿಗೆಗೆ ಹೋಗಿತ್ತು. ಅಲ್ಲಿಂದ ಒಂದು ಪ್ರಶ್ನೆ ಹೊತ್ತು ವಾಪಸು ಬಂದಿತ್ತು. ಉತ್ತರ ಹೊತ್ತು ಮತ್ತೆ ಹೋಗಬೇಕಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಆಗಬಹುದು ಸರ್, ನಿಮಗೆ ಗೊತ್ತಿಲ್ಲದ್ದೇನಿದೆ ಎಂದ ಆ ಹುಡುಗ. ಬರುವಾಗ ರೈಲಿನಲ್ಲಿ ಸೀಟು ಖಾಲಿಯಿದ್ದರೂ ಅವರು ಬಾಗಿಲ ಕಂಬಿ ಹಿಡಿದೇ ನಿಂತರು. "ಫೈಲು ಕೂತಿದ್ರೆ ಮನುಷ್ಯ ನಿಂತಿರಬೇಕಮ್ಮಾ. ಮನುಷ್ಯನೂ ಕೂತ್ರೆ ಫೈಲು ಮಲಗಿಬಿಡುತ್ತೆ." ಮಾತು ತಮಾಷೆಯದಾದರೂ ಮುಖದಲ್ಲಿ ನಗುವಿರಲಿಲ್ಲ. ಈ ಮಳೆ ತಪ್ಪಿದರೆ ಇನ್ನೊಂದು ವರ್ಷ ಬಕೆಟ್ ಜಗಳ. ಎರಡು ಬೋರ್‌ವೆಲ್ ಆಗಲೇ ಕೆಸರು ಉಗುಳುತ್ತಿದ್ದವು.

ಜೂನ್ ಕೊನೆಯ ಒಂದು ಬೆಳಗ್ಗೆ ನನಗೆ ತಾನಾಗಿ ಎಚ್ಚರವಾಯಿತು. ಟ್ಯಾಂಕು ಬಡಿಯುವ ಸದ್ದಿಲ್ಲ. ಏನೋ ಆಗಿದೆ ಎನ್ನಿಸಿತು. ಟೆರೇಸಿಗೆ ಹೋಗಿ ನೋಡಿದರೆ ಮೂಡಣ ದಿಕ್ಕು ಕಾಡಿಗೆ ಕಪ್ಪು. ಕೆಳಗೆ, ಹಿಂಗೋಡೆಯ ಆಚೆ, ಬಿಳಿ ಬನಿಯನ್ನಿನ ಒಂದು ಬೆನ್ನು ಬಗ್ಗುತ್ತಿದೆ, ಏಳುತ್ತಿದೆ.

ಚಪ್ಪಲಿ ಮೆಟ್ಟದೆ ಓಡಿದೆ. ನಂಜುಂಡಯ್ಯನವರು ಪ್ಯಾಂಟು ಮಡಚಿಕೊಂಡು ಕಾಲುವೆಯ ಬಾಯಲ್ಲಿ ನಿಂತಿದ್ದರು. ಕೈಯಲ್ಲಿ ಕಾಲೊನಿಯ ಮಾಲಿಯ ಗುದ್ದಲಿ.

"ಸಾರ್! ಏನ್ ಮಾಡ್ತಿದ್ದೀರ? ಕೆಲಸ ಶುರು ಮಾಡಬಾರದು!"

"ಗೊತ್ತು."

"ಮುಚ್ಚಳಿಕೆಗೆ ನೀವೇ ಸಹಿ ಹಾಕಿದ್ದು!"

"ಗೊತ್ತಮ್ಮಾ" ಎಂದು ಅವರು ಗುದ್ದಲಿಯಿಂದ ಆಕಾಶ ತೋರಿಸಿದರು. "ಅದಕ್ಕೆ ಗೊತ್ತಿಲ್ಲವಲ್ಲ."

ನನಗೆ ಅಳುವಷ್ಟು ಸಿಟ್ಟು ಬಂತು. ನನ್ನ ಚಳಿಗಾಲದ ರಜೆಗಳೆಲ್ಲ ಆ ನಕ್ಷೆಗೆ ಹೋಗಿದ್ದವು. ಬಯ್ಯಬೇಕೆಂದು ಬಾಯಿ ತೆರೆದವಳು, ಅವರ ಅಂಗೈಯ ಬೊಬ್ಬೆ ಒಡೆದು ಗುದ್ದಲಿಯ ಹಿಡಿ ಕೆಂಪಾಗಿದ್ದನ್ನು ನೋಡಿ, ಬಗ್ಗಿ ಇಟ್ಟಿಗೆ ಚೂರು ಎತ್ತಿ ಆಚೆ ಎಸೆಯತೊಡಗಿದೆ. ಸ್ವಲ್ಪ ಹೊತ್ತಿಗೆ ಚೌಧರಿ ಹುಕ್ಕಾ ಬಿಟ್ಟು ಬಂದ. "ಮಂಜೂರಿ ಆ ಗಯೀ, ಬಾಬೂಜಿ?" ಎಂದು ಕೇಳಿದ. "ನಹೀಂ ಆಯೀ" ಎಂದರು ಇವರು. ಚೌಧರಿ ಇವರ ಮುಖವನ್ನೂ ಮೋಡವನ್ನೂ ನೋಡಿದ. ಆಮೇಲೆ ಹಳ್ಳಿಯ ಕಡೆ ತಿರುಗಿ ಕೂಗು ಹಾಕಿದ. ಗುದ್ದಲಿಗಳು ಬಂದವು. ಮಧ್ಯಾಹ್ನ ಮಳೆ ಹೊಡೆಯಿತು. ಕೆಂಪು ನೀರು ಇಟ್ಟಿಗೆ ಪುಡಿ ನೂಕಿಕೊಂಡು ಕಾಲುವೆಯಲ್ಲಿ ಬಂದು ಹೊಂಡದ ಬಿರುಕುಬಿಟ್ಟ ತಳಕ್ಕೆ ಬಿದ್ದಾಗ ಚೌಧರಿಯ ಕಡೆಯವರು ಹೋ ಎಂದರು. ನಂಜುಂಡಯ್ಯನವರು ಮಳೆಯಲ್ಲಿ ನೆನೆಯುತ್ತ ದಂಡೆಯ ಮೇಲೆ ಆ ತುದಿಗೂ ಈ ತುದಿಗೂ ನಡೆದಾಡಿದರು.

ಇಷ್ಟಕ್ಕೇ ಮುಗಿದಿದ್ದರೆ ದೆಹಲಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಮರುದಿನ ಅವರು ನಮ್ಮ ಮನೆಗೆ ಬಂದು, ನನ್ನ ಡಿಜಿಟಲ್ ಕ್ಯಾಮೆರಾ ತಗೊಂಡು ಕಾಲುವೆಯ ಹತ್ತಿರ ಬಾ ಎಂದರು. ಮಾಲಿಯ ಗುದ್ದಲಿ ಹಿಡಿದು, ತೆರೆದ ಕಾಲುವೆಯ ಪಕ್ಕ, ಪಾಸ್‌ಪೋರ್ಟಿಗೆ ನಿಂತಂತೆ ನೆಟ್ಟಗೆ ನಿಂತರು. "ತೆಗಿ."

"ಯಾಕೆ ಸಾರ್?"

"ಆಫೀಸಿಗೆ ಕಳಿಸ್ಬೇಕು. ಕೆಲಸ ಶುರು ಮಾಡಿದ್ದೀನಿ ಅಂತ."

"ನಿಮಗೆ ತಲೆ ಕೆಟ್ಟಿದೆಯಾ? ಆಫೀಸಿನವರು ಯಾರೂ ನೋಡಿಲ್ಲ. ಮಳೆನೇ ಕಾಲುವೆ ಕೊಚ್ಕೊಂಡು ಹೋಯ್ತು ಅಂದ್ರಾಯ್ತು."

"ಆ ಊರವರು ಸುಳ್ಳು ಹೇಳಲಿಲ್ಲಮ್ಮಾ. ಫೋಟೋ ತೆಗೆದು ಕಳಿಸಿದ್ರು. ನಾನು ಅವರಿಗಿಂತ ಕಡಿಮೆನಾ?"

ಫೋಟೋ ತೆಗೆದೆ. ಮೊದಲನೆಯದು ಕೆಟ್ಟಿತು; ಎರಡನೆಯದು ಸರಿಬಂತು.

ಸಭೆಯಲ್ಲಿ ಖುರಾನಾ ಸಾಹೇಬರು ಕಿರುಚಿದರು. ಕೈಗೆ ಬಂದ ತುತ್ತು ಬಾಯಿಗೆ ಬರದಂತೆ ಮಾಡಿದಿರಿ ಎಂಬರ್ಥದ ಮಾತನ್ನು ಪಂಜಾಬಿಯಲ್ಲಿ ಇನ್ನೂ ಖಾರವಾಗಿ ಅಂದರು. ಅಗೆದದ್ದಾದರೂ ಸರಿ, ಬರೆದು ತಿಳಿಸಿದ್ದು ಯಾವ ಘನಕಾರ್ಯಕ್ಕೆ ಎಂದು ಎಲ್ಲರೂ ಕೇಳಿದರು. ಹೊಂಡದ ಹೂಳೆಲ್ಲ ಹಾಗೇ ಇತ್ತು, ಅದಕ್ಕಿನ್ನು ಯಾರ ಪಾಲೂ ಇಲ್ಲ. ನಂಜುಂಡಯ್ಯನವರು ಬೈಗುಳವನ್ನೆಲ್ಲ ನಿಂತೇ ಕೇಳಿಸಿಕೊಂಡರು. ನಾನು ಅವರ ಪರ ಒಂದು ಮಾತು ಆಡಿದೆ, ನನಗೂ ನಾಲ್ಕು ಬಿದ್ದವು.

ದಸರೆಯ ಹೊತ್ತಿಗೆ ಪತ್ರ ಬಂತು. ಅದನ್ನು ಹಿಡಿದುಕೊಂಡು ಅವರು ನಮ್ಮ ಮನೆಯ ಮೆಟ್ಟಿಲು ಹತ್ತಿ ಬಂದರು. ಮುಖ ಅರಳಿತ್ತು. ಮಂಜೂರಾಯಿತೇನೋ ಎಂದು ನಾನು ಒಂದು ಗಳಿಗೆ ನಂಬಿಯೂಬಿಟ್ಟೆ.

"ನೋಡಮ್ಮಾ, ನನ್ನದೇ ವಾಕ್ಯ! ಆವತ್ತು ನಾನು ಬರೆದದ್ದೇ. ಕಾಮಾ ಕೂಡ ಬದಲಾಯಿಸಿಲ್ಲ. ಹುಡುಗ ಚೆನ್ನಾಗಿ ಕಲಿತಿದ್ದಾನೆ" ಎಂದರು. ಜೋರಾಗಿ ಓದಿದರು. ನಕ್ಕರು. ನಗುತ್ತಲೇ ಕುರ್ಚಿಯನ್ನು ಸುತ್ತಿಕೊಂಡು ಮುಂದೆ ಬಂದು ಅದರ ಮೇಲೆ ಕೂತುಬಿಟ್ಟರು. ನಾನು ಗಾಬರಿಯಿಂದ ನೀರು ತಂದೆ. ಅವರು ಲೋಟ ಪಕ್ಕಕ್ಕಿಟ್ಟು, "ನಿನ್ನ ಮೊಬೈಲ್ ಕೊಡು" ಎಂದು ಒಂದು ನಂಬರ್ ಒತ್ತಿಸಿದರು.

"ಲಕ್ಷ್ಮೀ, ನಾನು ಕಣೇ. ... ಎಲ್ಲಾ ಚೆನ್ನಾಗಿದ್ದೀವಿ. ಇಲ್ಲಿ ನಮ್ಮ ಕಾಲೊನೀದೊಂದು ಹೊಂಡ. ಅರ್ಜಿ ಹಾಕಿದ್ದೆ. ವಾಪಸ್ ಬಂತು. ... ಮಂಜೂರಾಗೋಕೆ ಮುಂಚೆ ನಾನೇ ಗುದ್ದಲಿ ಹಾಕ್ಬಿಟ್ಟೆ. ಫೋಟೋನೂ ಕಳಿಸಿದೆ, ನಿಮ್ಮ ಹಾಗೇ."

ಆ ಕಡೆಯಿಂದ ಹೆಂಗಸಿನ ದನಿ ಏನೋ ಕೇಳಿತು. "ಬಂತು" ಎಂದರು ಇವರು. "ಮೊಣಕಾಲು ಮುಳುಗೋಷ್ಟು ಬಂತು." ಫೋನು ವಾಪಸು ಕೊಟ್ಟು, ಇನ್ನೂ ಸ್ವಲ್ಪ ಹೊತ್ತು ಹಾಗೇ ಕೂತಿದ್ದರು. "ನೀರು ಬಂತಾ ಅಂತ ಕೇಳಿದ್ಲು. ಅಷ್ಟೇ" ಎಂದು ಹೇಳಿ ಎದ್ದರು. ಹೋಗುವಾಗ ಅಡುಗೆಮನೆಯ ನಲ್ಲಿ ಬಿಗಿ ಮಾಡಿಯೇ ಹೋದರು.

ಮುಂದಿನ ಚಳಿಗಾಲದಲ್ಲಿ, ಟೆರೇಸಿನ ಮೆಟ್ಟಿಲ ಮೇಲೆ, ನಿಂತಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟರು. ಅಷ್ಟರಲ್ಲಿ, ಕಾಲುವೆ ಬಿಟ್ಟು, ಇನ್ನೂ ಯಾರೂ ಮುಟ್ಟದ ಹೂಳನ್ನು ಎತ್ತುವುದಕ್ಕೆ ಮಾತ್ರ ಹೊಸ ಅರ್ಜಿಯ ಕರಡು ನನ್ನಿಂದ ಬರೆಸಿದ್ದರು. ಈ ಸಲ ಮುಚ್ಚಳಿಕೆಗೆ ಸಹಿ ಹಾಕಿದ್ದು ನಾನು. ಅವರಿಲ್ಲದ ಬೆಳಗುಗಳಲ್ಲಿ ನನಗೆ ನಿದ್ದೆ ಚೆನ್ನಾಗಿ ಬರಬೇಕಿತ್ತು. ಸದ್ದಿಲ್ಲದ್ದಕ್ಕೇ ಎಚ್ಚರವಾಗುತ್ತಿತ್ತು.

ಕರ್ಮಾಂತರಕ್ಕೆ ಲಕ್ಷ್ಮಮ್ಮ ಊರಿನಿಂದ ಬಂದಿದ್ದರು. ಅಣ್ಣನದೇ ಎತ್ತರ, ಅಣ್ಣನದೇ ಮೂಗು. ಎಲ್ಲ ಮುಗಿದ ಮೇಲೆ, "ಆ ಹೊಂಡ ತೋರಿಸ್ತೀಯೇನಮ್ಮಾ?" ಎಂದರು. ಕರೆದುಕೊಂಡು ಹೋದೆ. ದಂಡೆಯ ಮೇಲೆ ನಿಂತು ನೋಡಿ, "ಇಷ್ಟೇನಾ? ಇಷ್ಟಕ್ಕೆ ಅಷ್ಟೊಂದು ಓಡಾಡಿದ್ನಾ?" ಎಂದರು. ನನಗೆ ಸಿಟ್ಟು ಬಂತು, ನಗುವೂ ಬಂತು. ಅವರು ಸೀರೆ ಸರಿಮಾಡಿಕೊಂಡು ನೆಲದ ಮೇಲೆ ಕೂತರು, ನಾನೂ ಕೂತೆ.

"ಚಿಕ್ಕವನಿದ್ದಾಗಲೂ ಹಿಂಗೇ. ಊಟಕ್ಕೆ ಕೂರಿಸ್ಬೇಕಾದ್ರೆ ಅವ್ವ ತೊಡೆ ಒತ್ತಿ ಹಿಡ್ಕೊಳ್ಳೋರು" ಎಂದು ನೀರನ್ನೇ ನೋಡುತ್ತಿದ್ದರು. "ಅವನು ಫೈಲು ಮುಚ್ಚಿದ್ನಲ್ಲ, ನಮ್ಮೂರ ಕೆರೆದು? ನಾವು ನಿಲ್ಲಿಸ್ಲಿಲ್ಲಮ್ಮ. ಊರವರೇ ಎರಡು ಬೇಸಿಗೆ ತೋಡಿದ್ವಿ. ತುಂಬ್ತು. ಕೋಡಿನೂ ಬಿತ್ತು."

"ಸಾರ್‌ಗೆ ಗೊತ್ತಿತ್ತಾ?"

"ಎಲ್ಲಿ? ಅವನು ಕೇಳ್ಲಿಲ್ಲ. ಕೇಳೋವರೆಗೂ ಹೇಳಬಾರದು ಅಂತ ನಂಗೆ ಹಟ. ಆವತ್ತು ಫೋನಲ್ಲಿ ನಿಮಗೆ ನೀರು ಬಂತಾ ಅಂತ ನಾನು ಕೇಳ್ದೆ. ಬಂತು ಅಂದ. ನಮ್ಮದಕ್ಕೂ ಬಂದಿತ್ತು ಕಣೋ ಅಂತ ಬಾಯಿ ತುದೀಲಿತ್ತು" ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡರು. "ಮುಂದಿನ ಸಲ ಊರಿಗೆ ಬಂದಾಗ ಕೆರೆ ಏರಿ ಮೇಲೆ ನಿಲ್ಲಿಸೇ ಹೇಳೋಣ ಅಂದ್ಕೊಂಡೆ."

ಚೌಧರಿಯ ಎಮ್ಮೆಗಳು ಬಂದು ಒಂದೊಂದಾಗಿ ನೀರಿಗಿಳಿದವು. ನಾವಿಬ್ಬರೂ ಏಳಲಿಲ್ಲ.